ಡ್ರಿಪ್ ಲೂಪ್ ಅಂದರೆ ಏನು?

ಮುಂಬಯಿ ಮಳೆಯಲ್ಲಿ ಬಾಲ್ಕನಿಯ ಬಟ್ಟೆ ಹಗ್ಗ ನೋಡಿದ್ದೀರಲ್ವಾ? ನೀರು ಹಗ್ಗದುದ್ದಕ್ಕೂ ಜಾರುತ್ತಾ ಬಂದು, ಜಗ್ಗಿದ ಜಾಗದಲ್ಲಿ ತೊಟ್ಟಿಕ್ಕುತ್ತದೆ. ಅಲ್ಲಿಂದ ಮುಂದೆ ಏರು, ನೀರು ಹತ್ತುವುದಿಲ್ಲ. ಡ್ರಿಪ್ ಲೂಪ್‌ನ ಗುಟ್ಟು ಇದೇ.

ಮೀನಿನ ತೊಟ್ಟಿಯ ಫಿಲ್ಟರ್, ಹೀಟರ್ ವೈರು ನೇರವಾಗಿ ಪ್ಲಗ್ಗಿಗೆ ಇಳಿದರೆ, ಅದರ ಮೇಲಿನ ಹನಿಯೂ ಸಾಕೆಟ್‌ಗೇ ಇಳಿಯುತ್ತದೆ. ಹಾಗಾಗಿ ವೈರನ್ನು ಸಾಕೆಟ್‌ಗಿಂತ ಕೆಳಕ್ಕೆ ಜೋತುಬಿಟ್ಟು, ಆಮೇಲೆ ಮೇಲೆತ್ತಿ ಚುಚ್ಚಬೇಕು. ಆ ಜೋತ ಭಾಗವೇ ಡ್ರಿಪ್ ಲೂಪ್. ಕನ್ನಡದಲ್ಲಿ 'ಹನಿಗೊಕ್ಕೆ' ಅನ್ನೋಣ ಅನಿಸುತ್ತದೆ. ಎಲೆಕ್ಟ್ರಿಷಿಯನ್ ಹತ್ತಿರ ಹಾಗೆ ಹೇಳಿದರೆ ನಕ್ಕಾನು.

ನಮ್ಮ ಡೊಂಬಿವಲಿ ಮನೆಯಲ್ಲಿ ಎಕ್ಸ್‌ಟೆನ್ಷನ್ ಬೋರ್ಡು ನೆಲದ ಮೇಲೇ ಇತ್ತು. ಅದಕ್ಕಿಂತ ಕೆಳಗೆ ಜೋತುಬಿಡಲು ಜಾಗವೆಲ್ಲಿ? ಒಂದು ಭಾನುವಾರ ತೊಟ್ಟಿಯ ನೀರು ಬದಲಿಸಿ ಕೂತಿದ್ದೆ, ಬೋರ್ಡಿನಿಂದ ಚಿಟಚಿಟ ಸದ್ದು. ಮೇನ್ ಸ್ವಿಚ್ ಆಫ್ ಮಾಡಿ ಪ್ಲಗ್ ಕಿತ್ತು ನೋಡಿದರೆ, ಹಿತ್ತಾಳೆ ಪಿನ್ನಿನ ಮೇಲೆ ಹಸಿರು ಕಿಲುಬು. ಎಷ್ಟು ದಿನದಿಂದ ಹನಿಯುತ್ತಿತ್ತೋ! ಅವತ್ತೇ ಬೋರ್ಡು ಗೋಡೆ ಹತ್ತಿತು.

ಲೂಪ್ ಕಾಯುವುದು ಸಾಕೆಟ್ಟನ್ನು ಮಾತ್ರ. ಹೀಟರಿನ ಗಾಜು ನೀರೊಳಗೇ ಸೀಳಿದರೆ ಅದು ಏನೂ ಮಾಡಲಾರದು. ಅಲ್ಲಿ ಬೇಕಾದದ್ದು 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಎಂಬ ಸುರಕ್ಷಾ ಸ್ವಿಚ್ಚು. ಹೋದ ಕರೆಂಟು ಪೂರ್ತಿ ವಾಪಸ್ ಬರದಿದ್ದರೆ, ಎಲ್ಲೋ ಸೋರುತ್ತಿದೆ ಎಂದು ಅದು ತಟ್ಟನೆ ಲೈನ್ ಕಡಿಯುತ್ತದೆ. ತಾನೇ ಟ್ರಿಪ್ ಆಗುವ ಮಾಮೂಲಿ ಸ್ವಿಚ್ಚು, ಎಂಸಿಬಿ, ಇದೆಯಲ್ಲ ಅಂತ ಸುಮ್ನೆ ಕೂರಬೇಡಿ. ಅದು ಜಾಸ್ತಿ ಲೋಡ್, ಶಾರ್ಟ್ ಸರ್ಕಿಟ್ ನೋಡಿಕೊಳ್ಳುತ್ತದೆ, ಇಷ್ಟು ಸಣ್ಣ ಸೋರಿಕೆ ಅದಕ್ಕೆ ಗೊತ್ತೇ ಆಗುವುದಿಲ್ಲ. ಏನೇ ಇರಲಿ, ತೊಟ್ಟಿಗೆ ಕೈ ಹಾಕುವ ಮುಂಚೆ ಎಲ್ಲ ಪ್ಲಗ್ ಕಿತ್ತಿಡಿ.

ಕರೆಂಟ್ ಹೋದಾಗಲೂ ನೀರಿಗೆ ಇನ್ನೊಂದು ದಾರಿ ಸಿಗುತ್ತದೆ. 2020ರ ಅಕ್ಟೋಬರ್ 12ರಂದು ಲೋಕಲ್ ಟ್ರೇನ್ ಸಮೇತ ಮುಂಬಯಿ ನಿಂತುಹೋಯಿತಲ್ಲ, ಅಂಥ ಹೊತ್ತಲ್ಲಿ ಏರ್ ಪಂಪೂ ನಿಲ್ಲುತ್ತದೆ. ಪಂಪು ತೊಟ್ಟಿಯ ನೀರಿನ ಮಟ್ಟಕ್ಕಿಂತ ಕೆಳಗಿದ್ದರೆ, ನೀರು ಗಾಳಿಯ ಪೈಪಿನಲ್ಲೇ ಹಿಂದಕ್ಕೆ ಬಂದು ಪಂಪಿಗೆ ಇಳಿಯಬಹುದು. ಮೀನಿನ ಉಸಿರಿಗೆಂದು ತಂದ ಬ್ಯಾಟರಿ ಪಂಪಿಗೂ ಇದೇ ಪಾಡು. ಪೈಪಿನ ನಡುವೆ ಚಿಕ್ಕದೊಂದು ನಾನ್ ರಿಟರ್ನ್ ವಾಲ್ವ್ ಹಾಕಿದರೆ ಆಯಿತು. ಬಾಣದ ಗುರುತು ತೊಟ್ಟಿಯ ಕಡೆಗಿರಲಿ. ಬಾಣ ಕಾಣದಿದ್ದರೆ ಬಾಯಲ್ಲಿ ಊದಿ ನೋಡಿ, ಗಾಳಿ ಒಂದೇ ಕಡೆ ಹೋಗುತ್ತದೆ.