ಕಾಡಿಗೆ ಹೊರಟವರ ಊಟದ ಲೆಕ್ಕ

ಬಂಡೀಪುರಕ್ಕೋ ಕಬಿನಿಗೋ ಹೊರಡುವ ಕುಟುಂಬಗಳಿಗೆ ಪ್ರವಾಸ ಹೊಂದಿಸಿಕೊಡುವುದು ನನ್ನ ವೃತ್ತಿ. ಹಿಂದಿರುಗಿದವರಲ್ಲಿ ಹುಲಿ ಕಾಣಲಿಲ್ಲವೆಂದು ಕೊರಗುವವರಷ್ಟೇ ಊಟದ ಖರ್ಚು ಹೆಚ್ಚಾಯಿತೆಂದು ಗೊಣಗುವವರೂ ಇರುತ್ತಾರೆ. ಅವರ ಬಿಲ್ಲುಗಳನ್ನು ಬಿಡಿಸಿ ನೋಡಿದರೆ, ಬಹಳಷ್ಟು ಸಲ ದುಬಾರಿಯಾದದ್ದು ಅಡುಗೆಯಲ್ಲ, ಅವರು ಮನೆಯಿಂದ ಹೊರಟ ಹೊತ್ತು.

ಸರ್ಕಾರಿ ಸ್ವಾಮ್ಯದ ಜಂಗಲ್ ಲಾಡ್ಜಸ್ ಸೇರಿದಂತೆ ಕಾಡಂಚಿನ ಅನೇಕ ವಸತಿಗಳು ತಲೆಗಿಷ್ಟು ಎಂಬ ಪ್ಯಾಕೇಜ್ ದರ ಇಟ್ಟಿವೆ. ಒಂದು ರಾತ್ರಿಯ ಪ್ಯಾಕೇಜಿನಲ್ಲಿ ಮೊದಲ ದಿನದ ಮಧ್ಯಾಹ್ನದ ಊಟ, ರಾತ್ರಿಯೂಟ ಮತ್ತು ಮರುದಿನ ಸಫಾರಿಯ ನಂತರದ ತಿಂಡಿ ಸಾಮಾನ್ಯವಾಗಿ ಸೇರಿರುತ್ತವೆ. ಬೆಂಗಳೂರಿನಿಂದ ಬಂದ ಆರು ಮಂದಿಯ ಕುಟುಂಬವೊಂದು ತಡವಾಗಿ ಹೊರಟು, ಹಸಿವು ತಾಳಲಾರದೆ ಗುಂಡ್ಲುಪೇಟೆಯಲ್ಲಿ ಊಟ ಮುಗಿಸಿ, ಸಂಜೆಯ ಸಫಾರಿ ಜೀಪು ಹೊರಡುವ ಹೊತ್ತಿಗೆ ವಸತಿ ತಲುಪಿತು. ಅಷ್ಟರಲ್ಲಿ ಊಟದ ಮನೆಯಲ್ಲಿ ಬಫೆ ಪಾತ್ರೆಗಳನ್ನೆಲ್ಲ ಎತ್ತಿಟ್ಟಿದ್ದರು. ಆರು ಊಟಕ್ಕೆ ಅವರು ಎರಡು ಕಡೆ ಹಣ ತೆತ್ತಿದ್ದರು. ಆದ್ದರಿಂದ ಪ್ಯಾಕೇಜನ್ನು ದಿನಗಳಲ್ಲಿ ಎಣಿಸದೆ ಊಟಗಳಲ್ಲಿ ಎಣಿಸಿ, ಮೊದಲ ಊಟಕ್ಕೆ ಸಕಾಲದಲ್ಲಿ ತಲುಪುವಂತೆ ಹೊರಡಿ ಎಂದು ಈಗ ಎಲ್ಲರಿಗೂ ಹೇಳುತ್ತೇನೆ.

ಕೋಣೆಗೆ ಮಾತ್ರ ಬಾಡಿಗೆ ಕೊಟ್ಟು ಊಟವನ್ನು ಬೇರೆಯಾಗಿ ತರಿಸಿಕೊಳ್ಳುವವರು ತೆರಿಗೆಯನ್ನು ಗಮನಿಸಬೇಕು. ಸಾಮಾನ್ಯ ಹೋಟೆಲಿನ ಊಟಕ್ಕೆ ಜಿಎಸ್‌ಟಿ ಶೇ. 5, ದಿನದ ಬಾಡಿಗೆ 7,500 ರೂಪಾಯಿ ಮೀರುವ ಕೋಣೆಗಳಿರುವ ರೆಸಾರ್ಟಿನ ಆವರಣದಲ್ಲಾದರೆ ಸಾಮಾನ್ಯವಾಗಿ ಶೇ. 18. ಸಾವಿರ ರೂಪಾಯಿಯ ಊಟ ಒಂದು ಕಡೆ 1,050, ಇನ್ನೊಂದು ಕಡೆ 1,180 ಆಗುತ್ತದೆ. ಸೇವಾ ಶುಲ್ಕ ತೆರಿಗೆಯಲ್ಲ. ಗ್ರಾಹಕರನ್ನು ಕೇಳದೆ ಅದನ್ನು ಬಿಲ್ಲಿಗೆ ಸೇರಿಸುವಂತಿಲ್ಲವೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರಲ್ಲಿ ಹೊರಡಿಸಿದ ಮಾರ್ಗಸೂಚಿಯನ್ನು ದೆಹಲಿ ಹೈಕೋರ್ಟ್ 2025ರಲ್ಲಿ ಎತ್ತಿಹಿಡಿದಿದೆ. ನೀರಿನ ಬಾಟಲಿಯ ವಿಷಯದಲ್ಲಿ ಮಾತ್ರ ಜಗಳಕ್ಕಿಳಿಯಬೇಡಿ: ಮೇಜಿಗೆ ತಂದುಕೊಡುವ ಬಾಟಲಿಗೆ ಹೋಟೆಲಿನವರು ಮುದ್ರಿತ ಬೆಲೆಗಿಂತ ಹೆಚ್ಚು ಪಡೆಯಬಹುದೆಂದು ಸುಪ್ರೀಂ ಕೋರ್ಟ್ 2017ರಲ್ಲೇ ಹೇಳಿದೆ. ಮನೆಯಿಂದ ಸ್ಟೀಲ್ ಬಾಟಲಿ ಒಯ್ದು, ಶುದ್ಧೀಕರಿಸಿದ ನೀರನ್ನು ಕೇಳಿ ತುಂಬಿಸಿಕೊಳ್ಳುವುದು ಲೇಸು.

ರೆಸಾರ್ಟಿನ ಅಡುಗೆ ದುಬಾರಿಯೆನಿಸಿದರೆ ಹೊರಗೆ ಹೋಗಿ ಉಂಡು ಬರಬಹುದಲ್ಲವೇ ಎಂದು ಕೇಳುವವರಿದ್ದಾರೆ. ಹಗಲಿನಲ್ಲಿ ಅದು ಸರಿಯೇ; ಆದರೆ ಬಂಡೀಪುರದ ಕಾಡಿನೊಳಗಿನ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರವನ್ನು 2009ರಿಂದ ನಿಷೇಧಿಸಲಾಗಿದೆ. ಹಾಗಾಗಿ ವಸತಿ ಎಲ್ಲಿದೆಯೆಂದು ನೋಡಿಕೊಳ್ಳದೆ ರಾತ್ರಿಯೂಟವನ್ನು ಹೊರಗೆ ನಿಗದಿಮಾಡಿಕೊಳ್ಳುವುದು ಜಾಣತನವಲ್ಲ.

ಬೆಳಗಿನ ಸಫಾರಿಗೆ ಮುನ್ನ ಸಿಗುವುದು ಚಹಾ, ಹೆಚ್ಚೆಂದರೆ ಎರಡು ಬಿಸ್ಕತ್ತು. ತಿಂಡಿಗೆ ಒಂಬತ್ತು ದಾಟುತ್ತದೆ. ಸಕ್ಕರೆ ಕಾಯಿಲೆಯ ಹಿರಿಯರು ಜೊತೆಗಿದ್ದರೆ ಹೊರಡುವ ಮುನ್ನ ಕೋಣೆಯಲ್ಲೇ ತಿನ್ನಲು ಹುರಿಗಡಲೆಯನ್ನೋ, ಕಲಸಿದ ಅವಲಕ್ಕಿಯನ್ನೋ ಕಟ್ಟಿಕೊಳ್ಳಿ. ಆ ಪೊಟ್ಟಣ ಕೋಣೆಯಲ್ಲೇ ಉಳಿಯಲಿ, ಕಿಟಕಿಯೂ ಮುಚ್ಚಿರಲಿ, ಏಕೆಂದರೆ ಅಲ್ಲಿನ ಕೋತಿಗಳು ಜಿಪ್ ಎಳೆಯುವುದನ್ನೂ ಕಲಿತಿವೆ.