ಆ್ಯಂಟಿಬಯಾಟಿಕ್ ನುಂಗಿದರೆ ಕೀಟೋಸಿಸ್ ಮುರಿಯುತ್ತದೆಯೇ?

ಪಿಷ್ಟ ಕಡಿಮೆಯಾದಾಗ ದೇಹ ಕೊಬ್ಬಿನಿಂದ ಕೀಟೋನ್ ಎಂಬ ಇಂಧನ ಮಾಡಿಕೊಳ್ಳುವ ಸ್ಥಿತಿಯೇ ಕೀಟೋಸಿಸ್. ಪಿಷ್ಟ, ಸಕ್ಕರೆಗಳನ್ನು ದಿನಕ್ಕೆ 20ರಿಂದ 50 ಗ್ರಾಂ ಒಳಗೆ ಹಿಡಿದಿಟ್ಟವರ ರಕ್ತದಲ್ಲಿ ಕೀಟೋನ್ ಸಾಮಾನ್ಯವಾಗಿ ಲೀಟರಿಗೆ 0.5ರಿಂದ 3 ಮಿಲಿಮೋಲ್ ಇರುತ್ತದೆ. ಗಂಟಲುನೋವಿಗೋ ಹಲ್ಲಿನ ಕೀವಿಗೋ ಆ್ಯಂಟಿಬಯಾಟಿಕ್ ಶುರುವಾದ ಎರಡನೇ ದಿನ ಕೀಟೋನ್ ಅಳೆಯುವ ಮೀಟರು 0.3 ತೋರಿಸಿತೆಂದರೆ ಅನುಮಾನ ಮೊದಲು ಹೋಗುವುದು ಮಾತ್ರೆಯ ಮೇಲೆ. ಹೆಚ್ಚಿನ ಸಲ ಮಾತ್ರೆ ನಿರಪರಾಧಿ. ಕೀಟೋನ್ ತಯಾರಾಗುವುದು ಯಕೃತ್ತಿನ ಮೈಟೊಕಾಂಡ್ರಿಯ ಎಂಬ, ಜೀವಕೋಶದ ಶಕ್ತಿಕೇಂದ್ರದೊಳಗೆ, ಕೊಬ್ಬಿನಾಮ್ಲಗಳಿಂದ. ಅಮಾಕ್ಸಿಸಿಲಿನ್ ಹೊಡೆಯುವುದು ಬ್ಯಾಕ್ಟೀರಿಯದ ಕೋಶಗೋಡೆಯನ್ನು; ನಮ್ಮ ಜೀವಕೋಶಕ್ಕೆ ಅಂಥ ಗೋಡೆಯೇ ಇಲ್ಲ.

ಮೊದಲು ನೋಡಬೇಕಾದದ್ದು ಸೋಂಕನ್ನು. ಜ್ವರದಲ್ಲಿ ಕಾರ್ಟಿಸಾಲ್, ಅಡ್ರಿನಲಿನ್ ಏರುತ್ತವೆ, ಯಕೃತ್ತು ಗ್ಲುಕೋಸನ್ನು ರಕ್ತಕ್ಕೆ ಬಿಡುತ್ತದೆ, ಅದರ ಹಿಂದೆಯೇ ಇನ್ಸುಲಿನ್ ಏರಿ ಕೀಟೋನ್ ತಗ್ಗುತ್ತದೆ. ಊಟ ಸೇರದೆ ಮಲಗಿದವರಲ್ಲಿ ಇದೇ ಜ್ವರ ಕೀಟೋನನ್ನು ಏರಿಸಲೂಬಹುದು.

ಎರಡನೆಯದು ಸಿರಪ್. ಮಾತ್ರೆಯ ಇಡೀ ತೂಕವೇ ಒಂದು ಗ್ರಾಂ ಆಸುಪಾಸು. ಅದರಲ್ಲಿನ ಪಿಷ್ಟ ಲೆಕ್ಕಕ್ಕಿಲ್ಲ. ಸಿಹಿ ಸಿರಪ್‌ನಲ್ಲಿ ಮಾತ್ರ 5 ಮಿ.ಲೀ.ಗೆ ಎರಡು ಗ್ರಾಂ ಸಕ್ಕರೆ ಇದ್ದರೆ ಅಚ್ಚರಿಯಿಲ್ಲ. 10 ಮಿ.ಲೀ.ಯಂತೆ ದಿನಕ್ಕೆ ಮೂರು ಸಲ ಕುಡಿದರೆ 12 ಗ್ರಾಂ ಆಯಿತು, ಅಂದರೆ 20 ಗ್ರಾಂ ಮಿತಿಯ ಅರ್ಧಕ್ಕಿಂತ ಹೆಚ್ಚು. ಅಪಸ್ಮಾರಕ್ಕಾಗಿ ಕೀಟೋ ಆಹಾರದಲ್ಲಿರುವ ಮಕ್ಕಳಿಗೆ ಇದು ಸಣ್ಣ ವಿಷಯವಲ್ಲ. ಮಾತ್ರೆ ಅಥವಾ ಸಕ್ಕರೆಯಿಲ್ಲದ ರೂಪ ಇದೆಯೇ ಎಂದು ವೈದ್ಯರನ್ನೇ ಕೇಳಿ, ಔಷಧ ಬಿಡಿಸಬೇಡಿ.

ಮೂತ್ರದ ಪಟ್ಟಿಯನ್ನೂ ಪೂರ್ತಿ ನಂಬುವಂತಿಲ್ಲ. ಅದು ಅಸಿಟೊಅಸಿಟೇಟ್ ಎಂಬ ಒಂದು ಬಗೆಯ ಕೀಟೋನನ್ನು ಗುರುತಿಸುತ್ತದೆ, ರಕ್ತದಲ್ಲಿ ಹೆಚ್ಚಾಗಿರುವ ಇನ್ನೊಂದು ಬಗೆಯಾದ ಬೀಟಾ-ಹೈಡ್ರಾಕ್ಸಿಬ್ಯುಟಿರೇಟನ್ನಲ್ಲ. ಇದರ ಮೇಲೆ ರಿಫಾಂಪಿಸಿನ್ ಮೂತ್ರವನ್ನು ಕಿತ್ತಳೆಗೆ, ನೈಟ್ರೊಫ್ಯುರಾಂಟೊಯಿನ್ ಕಂದಿಗೆ ತಿರುಗಿಸಿದರೆ ಪಟ್ಟಿಯ ನೇರಳೆ ಛಾಯೆ ಓದುವುದು ಕಷ್ಟ. ಅಷ್ಟು ದಿನ ಬೆರಳು ಚುಚ್ಚುವ ಮೀಟರೇ ಮೇಲು.

ಇಷ್ಟಾದರೂ ಒಂದು ಗುಂಪು ನಿಜಕ್ಕೂ ಕೀಟೋನ್ ತಯಾರಿಕೆಗೇ ಕೈಹಾಕುತ್ತದೆ: ಸೆಫ್ಡಿಟೊರೆನ್ ಪಿವಾಕ್ಸಿಲ್, ಪಿವ್‌ಮೆಸಿಲಿನಮ್‌ನಂಥವು. ಕರುಳಿನಿಂದ ಚೆನ್ನಾಗಿ ಹೀರಲ್ಪಡಲೆಂದು ಇವುಗಳಿಗೆ ಪಿವಾಲಿಕ್ ಆಮ್ಲದ ಬಾಲ ಜೋಡಿಸಿರುತ್ತಾರೆ. ದೇಹದೊಳಗೆ ಆ ಬಾಲ ಕಳಚಿ ಕಾರ್ನಿಟಿನ್‌ಗೆ ಅಂಟಿಕೊಂಡು, ಅದನ್ನೂ ಜೊತೆಗೆಳೆದುಕೊಂಡು ಮೂತ್ರದಲ್ಲಿ ಹೊರಹೋಗುತ್ತದೆ. ಉದ್ದ ಸರಪಳಿಯ ಕೊಬ್ಬಿನಾಮ್ಲವನ್ನು ಮೈಟೊಕಾಂಡ್ರಿಯದೊಳಕ್ಕೆ ದಾಟಿಸುವ ದೋಣಿಯೇ ಈ ಕಾರ್ನಿಟಿನ್. ದೋಣಿಗಳು ಕಡಿಮೆಯಾದರೆ ಕೊಬ್ಬು ದಡದಲ್ಲೇ ಉಳಿಯುತ್ತದೆ: ಕೀಟೋನೂ ಇಲ್ಲ, ಸಕ್ಕರೆಯೂ ಕುಸಿಯುತ್ತದೆ. ಚಿಕ್ಕ ಮಕ್ಕಳಲ್ಲಿ ಹೀಗೆ ಸಕ್ಕರೆ ಕುಸಿದ ಪ್ರಕರಣಗಳ ಬಗ್ಗೆ ಜಪಾನಿನ ಔಷಧ ನಿಯಂತ್ರಣ ಸಂಸ್ಥೆ 2012ರಲ್ಲಿ ಎಚ್ಚರಿಸಿತ್ತು. ಆರೋಗ್ಯವಂತ ವಯಸ್ಕರು ಕೆಲವೇ ದಿನ ತೆಗೆದುಕೊಂಡರೆ ಕಾರ್ನಿಟಿನ್ ಸಾಮಾನ್ಯವಾಗಿ ವಾರ-ಹತ್ತು ದಿನದಲ್ಲಿ ಮೊದಲಿನ ಮಟ್ಟಕ್ಕೆ ಬರುತ್ತದೆ. ಅಪಸ್ಮಾರಕ್ಕೆ ಕೊಡುವ ವಾಲ್‌ಪ್ರೊಯೇಟ್ ನುಂಗುವ ಮಗುವಿಗೆ ಇವು ಬೇಡ. ವಾಲ್‌ಪ್ರೊಯೇಟ್ ತಾನೂ ಕಾರ್ನಿಟಿನ್ ತಗ್ಗಿಸುತ್ತದೆ.

ಕರುಳಿನ ಬ್ಯಾಕ್ಟೀರಿಯ ಸತ್ತರೆ? 2018ರಲ್ಲಿ ಪ್ರಕಟವಾದ ಇಲಿಗಳ ಅಧ್ಯಯನವೊಂದರಲ್ಲಿ ಆ್ಯಂಟಿಬಯಾಟಿಕ್ ಕೊಟ್ಟಾಗ ಕೀಟೋ ಆಹಾರದಿಂದ ಮೂರ್ಛೆಗೆ ಸಿಗುತ್ತಿದ್ದ ರಕ್ಷಣೆ ಹೋಯಿತು, ರಕ್ತದ ಕೀಟೋನ್ ಮಾತ್ರ ಹೆಚ್ಚುಕಡಿಮೆ ಹಾಗೇ ಇತ್ತು. ಮನುಷ್ಯರಿಗೂ ಹೀಗೇ ಎಂದು ಇದರಿಂದ ಹೇಳಲಾಗದು. ಆದರೆ ಮೀಟರಿನ ಅಂಕಿಯೇ ಆಹಾರದ ಇಡೀ ಫಲವಲ್ಲ ಎಂಬ ಸುಳಿವು ಇದರಲ್ಲಿದೆ.

ಆಹಾರಕ್ರಮವೂ ಔಷಧಕ್ಕೆ ಅಡ್ಡ ಬರುತ್ತದೆ, ಇದನ್ನು ಮರೆಯುವವರೇ ಹೆಚ್ಚು. ಸ್ನಾಯು ಸೆಳೆತಕ್ಕೆಂದು ನುಂಗುವ ಮೆಗ್ನೀಸಿಯಂ, ಡಾಕ್ಸಿಸೈಕ್ಲಿನ್ ಮತ್ತು ಸಿಪ್ರೊಫ್ಲಾಕ್ಸಸಿನ್‌ಗಳನ್ನು ಹೊಟ್ಟೆಯಲ್ಲೇ ಹಿಡಿದು ಕಟ್ಟಿಬಿಡುತ್ತದೆ; ಔಷಧ ರಕ್ತ ಸೇರುವುದು ತುಂಬ ಕಡಿಮೆಯಾಗುತ್ತದೆ. ಸಿಪ್ರೊಫ್ಲಾಕ್ಸಸಿನ್ ಅನ್ನು ಮೆಗ್ನೀಸಿಯಂಗಿಂತ 2 ಗಂಟೆ ಮೊದಲು ಅಥವಾ 6 ಗಂಟೆ ನಂತರ ತೆಗೆದುಕೊಳ್ಳಬೇಕು. ಭೇದಿ ಹತ್ತಿದರೆ, ಕೀಟೋಸಿಸ್‌ನಲ್ಲಿ ಮೊದಲೇ ಸೋರುತ್ತಿದ್ದ ಉಪ್ಪು ಇನ್ನಷ್ಟು ಸೋರುತ್ತದೆ. ಓಆರ್‌ಎಸ್‌ನಲ್ಲಿ ಲೀಟರಿಗೆ 13.5 ಗ್ರಾಂ ಗ್ಲುಕೋಸ್ ಇದೆ ಎಂದು ಹೆದರಿ ದೂರವಿಡಬೇಡಿ; ಸೋಡಿಯಂ ಕರುಳಿನಿಂದ ಒಳಗೆ ಬರುವುದೇ ಆ ಗ್ಲುಕೋಸಿನ ಕೈ ಹಿಡಿದು.

ಡಪಾಗ್ಲಿಫ್ಲೊಜಿನ್, ಎಂಪಾಗ್ಲಿಫ್ಲೊಜಿನ್‌ನಂಥ ಮಧುಮೇಹದ ಮಾತ್ರೆ ನುಂಗುವವರ ಲೆಕ್ಕ ಬೇರೆ. ಸೋಂಕು, ಉಪವಾಸ, ಕಡಿಮೆ ಪಿಷ್ಟ ಮೂರೂ ಕೂಡಿದರೆ ರಕ್ತದ ಸಕ್ಕರೆ ಹೆಚ್ಚೇನೂ ಏರದೆಯೇ ಕೀಟೋಆ್ಯಸಿಡೋಸಿಸ್, ಅಂದರೆ ಕೀಟೋನ್ ಮಿತಿಮೀರಿ ರಕ್ತ ಆಮ್ಲೀಯವಾಗುವ ಅಪಾಯದ ಸ್ಥಿತಿ, ಆಗಬಹುದು. ಜ್ವರದ ದಿನಗಳಲ್ಲಿ ಆ ಮಾತ್ರೆ ನಿಲ್ಲಿಸಬೇಕೇ ಎಂದು ಮೊದಲ ದಿನವೇ ವೈದ್ಯರನ್ನು ಕೇಳಿ. ವಾಂತಿ, ಏದುಸಿರಿನ ಜೊತೆ ಕೀಟೋನ್ 3 ದಾಟಿದರೆ, ಸಕ್ಕರೆ 150 ಇದ್ದರೂ ತಕ್ಷಣ ಆಸ್ಪತ್ರೆಗೆ ಹೋಗಿ.