ಕಿಂಡಿ ತೋರಿಸಿದ್ದೆಷ್ಟು, ಕ್ಯಾಮೆರಾ ಹಿಡಿದಿದ್ದೆಷ್ಟು

ಕ್ಯಾಮೆರಾ ರಿಪೇರಿ ಮಾಡುವವನ ಮೇಜಿಗೆ ಬರುವ ದೂರುಗಳಲ್ಲಿ ಒಂದು ಮಾತ್ರ ಎಷ್ಟು ವರ್ಷವಾದರೂ ಬದಲಾಗಿಲ್ಲ. "ಇದರ ವ್ಯೂಫೈಂಡರ್ ಹಾಳಾಗಿದೆ ಸರ್. ನಾನು ನೋಡಿದ್ದೇ ಒಂದು, ಫೋಟೋದಲ್ಲಿ ಬಂದಿದ್ದೇ ಇನ್ನೊಂದು." ಹಳೇ ಡಿಜಿಟಲ್ ಕಾಂಪ್ಯಾಕ್ಟ್ ಕ್ಯಾಮೆರಾಗಳನ್ನು ಈಗ ಮತ್ತೆ ಹುಡುಕಿ ಬಳಸುತ್ತಿದ್ದಾರಲ್ಲ, ಅದಾದ ಮೇಲೆ ಈ ದೂರು ಇನ್ನೂ ಜಾಸ್ತಿಯಾಗಿದೆ. ಸ್ಕ್ರೀನ್ ನೋಡಿಕೊಂಡೇ ಫೋಟೋ ತೆಗೆಯುವುದನ್ನು ಕಲಿತವರು ಮೊದಲ ಸಲ ವ್ಯೂಫೈಂಡರ್ ಅನ್ನುವ ಆ ಪುಟ್ಟ ಗಾಜಿನ ಕಿಂಡಿಗೆ ಕಣ್ಣಿಡುತ್ತಾರೆ. ಎರಡನೇ ದಿನ ನನ್ನ ಮುಂದೆ ನಿಂತಿರುತ್ತಾರೆ.

ಬಹಳಷ್ಟು ಸಲ ಏನೂ ಕೆಟ್ಟಿರುವುದಿಲ್ಲ. ಅದು ಇರುವುದೇ ಹಾಗೆ.

ಫೋಟೋ ತೆಗೆಯುವ ಲೆನ್ಸಿಗೂ ಈ ಕಿಂಡಿಗೂ ಬೆಳಕಿನ ಸಂಬಂಧ ಇಲ್ಲ. ಎಸ್‌ಎಲ್‌ಆರ್ ಅನ್ನುವ ದೊಡ್ಡ ಕ್ಯಾಮೆರಾಗಳಲ್ಲಿ ಲೆನ್ಸಿನಿಂದ ಒಳಗೆ ಬಂದ ಬೆಳಕೇ ಕನ್ನಡಿಗೆ ಬಡಿದು ಕಣ್ಣಿಗೆ ಬರುತ್ತದೆ. ಕಾಂಪ್ಯಾಕ್ಟ್‌ನಲ್ಲಿ ಹಾಗಲ್ಲ. ಲೆನ್ಸಿನ ಪಕ್ಕದಲ್ಲೋ ಮೇಲೋ ಒಂದು ಪ್ರತ್ಯೇಕ ದುರ್ಬೀನು ಕೂರಿಸಿರುತ್ತಾರೆ, ಅಷ್ಟೇ. ಒಂದೇ ಮನೆಗೆ ಎರಡು ಕಿಟಕಿ ಇದ್ದ ಹಾಗೆ. ಒಂದರಲ್ಲಿ ನೀವು ನೋಡುತ್ತೀರಿ, ಇನ್ನೊಂದರಲ್ಲಿ ಸೆನ್ಸರ್ ನೋಡುತ್ತದೆ. ಮುಂದಿನ ತಕರಾರೆಲ್ಲ ಹುಟ್ಟುವುದು ಇಲ್ಲಿಂದಲೇ.

ಮೊದಲನೆಯ ತಕರಾರು, ಕಿಂಡಿ ಕಡಿಮೆ ತೋರಿಸುತ್ತದೆ ಅನ್ನುವುದು. ಕೆನಾನ್ ಜಿ ಸರಣಿಯಂಥ ದುಬಾರಿ ಕಾಂಪ್ಯಾಕ್ಟ್‌ಗಳಲ್ಲೂ ಕಿಂಡಿ ತೋರಿಸುತ್ತಿದ್ದದ್ದು ಫೋಟೋದ ಸುಮಾರು 80 ಪರ್ಸೆಂಟನ್ನು ಮಾತ್ರ. ಈ ಸಂಖ್ಯೆ ನೋಡುವಾಗ ಸ್ವಲ್ಪ ಹುಷಾರಾಗಿರಿ. ಅಗಲದಲ್ಲಿ 80, ಎತ್ತರದಲ್ಲಿ 80 ಅಂತ ಬರೆದಿದ್ದರೆ ಎರಡನ್ನೂ ಗುಣಿಸಬೇಕು. 0.8 ಸಲ 0.8, ಅಂದರೆ 0.64. ಫೋಟೋದಲ್ಲಿ ಬರುವುದರ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ನಿಮ್ಮ ಕಣ್ಣಿಗೆ ಬಿದ್ದೇ ಇರುವುದಿಲ್ಲ.

ಕಂಪನಿಯವರಿಗೆ ಇದು ಗೊತ್ತಿಲ್ಲ ಅಂತಲ್ಲ, ಬೇಕಂತಲೇ ಮಾಡಿದ್ದು. ಕಿಂಡಿಯಲ್ಲಿ ಕಂಡ ತಲೆ ಫೋಟೋದಲ್ಲಿ ಹಾರಿಹೋದರೆ ಜನ ಬೈಯುತ್ತಾರೆ. ಕಾಣದೇ ಇದ್ದ ಗೋಡೆ ಒಂದಿಷ್ಟು ಸೇರಿಕೊಂಡರೆ ಸುಮ್ಮನಿರುತ್ತಾರೆ, ಆಮೇಲೆ ಕತ್ತರಿಸಿಕೊಳ್ಳುತ್ತಾರೆ. ಜೊತೆಗೆ ಇನ್ನೊಂದು ಕಾರಣವೂ ಇದೆ. ಹತ್ತಿರದ ವಸ್ತುವಿಗೆ ಫೋಕಸ್ ಮಾಡಿದಾಗ ಲೆನ್ಸ್ ನೋಡುವ ಕೋನವೇ ಒಂಚೂರು ಕಿರಿದಾಗುವುದುಂಟು. ಕಿಂಡಿಗೆ ಫೋಕಸ್ ವಿಷಯ ಗೊತ್ತೇ ಆಗುವುದಿಲ್ಲ. ಹಾಗಾಗಿ ಹತ್ತಿರದ ಲೆಕ್ಕಕ್ಕೆ ಚೌಕಟ್ಟನ್ನು ಬಿಗಿ ಮಾಡುತ್ತಾರೆ. ದೂರದ್ದನ್ನು ತೆಗೆಯುವಾಗ ಅದೇ ಬಿಗಿ ಅತಿ ಅನ್ನಿಸುತ್ತದೆ. ಸಾವಿರಾರು ಕ್ಯಾಮೆರಾ ಜೋಡಿಸುವಾಗ ಒಂದೊಂದರಲ್ಲೂ ಆಗುವ ಕೂದಲೆಳೆಯ ಓರೆಕೋರೆಯನ್ನೂ ಈ ಅಂಚೇ ನುಂಗಿಕೊಳ್ಳಬೇಕು.

ಇನ್ನೊಂದು ತಕರಾರು ಪ್ಯಾರಲಾಕ್ಸ್, ಅಂದರೆ ನೋಡುವ ಜಾಗ ಬೇರೆಯಾದರೆ ದೃಶ್ಯವೂ ಸರಿದ ಹಾಗೆ ಕಾಣುವುದು. ಕಿಂಡಿಗೂ ಲೆನ್ಸಿಗೂ ನಡುವೆ 3 ಸೆಂ.ಮೀ. ಅಂತರ ಇದೆ ಅಂದುಕೊಳ್ಳಿ. 35 ಮಿ.ಮೀ.ಗೆ ಸಮನಾದ, ಅಂದರೆ ಸ್ವಲ್ಪ ಅಗಲವಾಗಿ ನೋಡುವ ಲೆನ್ಸಿನಲ್ಲಿ, 3 ಮೀಟರ್ ದೂರದಲ್ಲಿ, ಫ್ರೇಮಿನ ಎತ್ತರ ಎರಡು ಮೀಟರಿಗಿಂತ ಜಾಸ್ತಿ. ಅದರಲ್ಲಿ 3 ಸೆಂ.ಮೀ. ಯಾವ ಲೆಕ್ಕ? ಅದೇ ಅರ್ಧ ಮೀಟರಿಗೆ ಬನ್ನಿ. ಫ್ರೇಮಿನ ಎತ್ತರ ಸುಮಾರು 37 ಸೆಂ.ಮೀ.ಗೆ ಇಳಿಯುತ್ತದೆ. ಆ 3 ಸೆಂ.ಮೀ. ಈಗ 8 ಪರ್ಸೆಂಟ್. ಹೂವಿನ ಮೇಲಿನ ಎಸಳು ಹೋಗುವುದು ಹೀಗೆ. ಲೆನ್ಸ್ ಕೆಳಗಿರುವುದರಿಂದ ಅದು ನೋಡುವುದೂ ಕೆಳಗೆ. ಫೋಟೋದಲ್ಲಿ ಮೇಲೆ ಕತ್ತರಿ ಬಿದ್ದು ಕೆಳಗೆ ಖಾಲಿ ಜಾಗ ಉಳಿಯುತ್ತದೆ. ತೀರಾ ಹತ್ತಿರದ್ದನ್ನು ತೆಗೆಯುವ ಮ್ಯಾಕ್ರೋ ಬಟನ್ ಒತ್ತಿ ಕಿಂಡಿಯಲ್ಲಿ ನೋಡುವವರಿಗೆ ನಾನು ಹೇಳುವುದು ಒಂದೇ: ಬೇಡ, ಸ್ಕ್ರೀನ್ ನೋಡಿ.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ಅಭಿಪ್ರಾಯವನ್ನೂ ಹೇಳಿಬಿಡುತ್ತೇನೆ. ಈ ಎರಡೂ ಕಿಂಡಿಯ ನಿಜವಾದ ದೋಷಗಳಲ್ಲ. ಯಾಕೆಂದರೆ ಎರಡೂ ಪ್ರತಿ ಸಲ ಒಂದೇ ಥರ ಆಗುತ್ತವೆ. ಐದು ನಿಮಿಷ ನಿಧಾನವಾಗಿ ಓಡುವ ಗಡಿಯಾರ ಇಟ್ಟುಕೊಂಡು ಜನ ರೈಲು ಹಿಡಿದಿಲ್ಲವೇ? ಕಷ್ಟ ಕೊಡುವುದು ಒಮ್ಮೆ ಐದು, ಒಮ್ಮೆ ಹದಿನೈದು ನಿಮಿಷ ತಪ್ಪುವ ಗಡಿಯಾರ. ಕಿಂಡಿಯಲ್ಲೂ ಅಂಥವು ಇವೆ. ಒಳ್ಳೆಯದು ಕೆಟ್ಟದ್ದು ಅಂತ ವಿಂಗಡಿಸಬೇಕಾದದ್ದು ಅಲ್ಲಿ.

ಕಣ್ಣನ್ನು ಸ್ವಲ್ಪ ಆಚೀಚೆ ಸರಿಸಿದರೆ ಚೌಕಟ್ಟಿನ ಅಂಚೂ ಸರಿಯುವುದನ್ನು ಗಮನಿಸಿದ್ದೀರಾ? ಅಗ್ಗದ ಕ್ಯಾಮೆರಾಗಳ ಕಿಂಡಿಯಲ್ಲಿ ಮುಂದೆ ಒಂದು ನಿಮ್ನ ಲೆನ್ಸ್, ಹಿಂದೆ ಒಂದು ಪೀನ ಲೆನ್ಸ್ ಇರುತ್ತದೆ. ಗೆಲಿಲಿಯೋನ ದುರ್ಬೀನನ್ನು ತಿರುಗಿಸಿ ಹಿಡಿದ ಹಾಗೆ. ಇದರಲ್ಲಿ ಚೌಕಟ್ಟು ಅಂದರೆ ಮುಂದಿನ ಲೆನ್ಸಿನ ಅಂಚು. ಅದು ಕಣ್ಣಿಗೆ ತೀರಾ ಹತ್ತಿರ. ದೃಶ್ಯ ಸ್ಪಷ್ಟವಾದರೆ ಅಂಚು ಮಸುಕು. ಕಣ್ಣು ಎರಡು ಮಿಲಿಮೀಟರ್ ಸರಿದರೂ ಎಡಗಡೆ ಒಂದಿಷ್ಟು ಜಾಸ್ತಿ ಕಾಣುತ್ತದೆ, ಬಲಗಡೆ ಒಂದಿಷ್ಟು ಮರೆಯಾಗುತ್ತದೆ. ಇಂಥ ಕಿಂಡಿಯ ಸುಳ್ಳನ್ನು ಕಲಿತುಕೊಳ್ಳುವುದು ಕಷ್ಟ, ಅದು ದಿನಕ್ಕೊಂದು ಸುಳ್ಳು ಹೇಳುತ್ತದೆ. ಜೂಮ್ ಇರುವ ಒಳ್ಳೆಯ ಕಾಂಪ್ಯಾಕ್ಟ್‌ಗಳಲ್ಲಿ ಬೇರೆ ಏರ್ಪಾಡು. ಒಳಗೇ ಒಂದು ಪುಟ್ಟ ಬಿಂಬ ಮೂಡುತ್ತದೆ. ಅದು ತಲೆಕೆಳಗಾಗಿರುವುದರಿಂದ ನೆಟ್ಟಗೆ ಮಾಡಲು ಪ್ರಿಸಮ್‌ಗಳು. ಬಿಂಬ ಮೂಡುವ ಜಾಗದಲ್ಲೇ ಚೌಕಟ್ಟಿನ ತಗಡು ಇಟ್ಟರೆ ಅಂಚು ಕತ್ತಿಯ ಹಾಗೆ ಹರಿತ. ಕಣ್ಣು ಆಚೀಚೆ ಆದರೂ ಅದು ಅಲ್ಲಾಡುವುದಿಲ್ಲ.

ಆಮೇಲೆ ಗಾತ್ರ. ಕಿಂಡಿಗೆ ಕಣ್ಣಿಟ್ಟಾಗ ಉದ್ದನೆಯ ಕೊಳವೆಯ ಕೊನೆಯಲ್ಲಿ ಅಂಚೆ ಚೀಟಿ ಅಂಟಿಸಿದ ಹಾಗೆ ಕಂಡರೆ, ಕವರೇಜ್, ಅಂದರೆ ಫೋಟೋದಲ್ಲಿ ಕಿಂಡಿ ತೋರಿಸುವ ಭಾಗ, 100 ಪರ್ಸೆಂಟ್ ಇದ್ದೂ ಏನು ಉಪಯೋಗ? ಮುಖದಲ್ಲಿ ನಗು ಇದೆಯೋ ಇಲ್ಲವೋ ತಿಳಿಯುವುದಿಲ್ಲ. ಇದನ್ನು ಅಳೆಯಲು ಸಲಕರಣೆ ಬೇಡ. ಎರಡೂ ಕಣ್ಣು ತೆರೆದು, ಒಂದನ್ನು ಕಿಂಡಿಗೆ ಇಡಿ. ಎದುರಿನ ಬಾಗಿಲು ಬರಿಗಣ್ಣಿಗೆ ಎಷ್ಟು ದೊಡ್ಡದು, ಕಿಂಡಿಯಲ್ಲಿ ಎಷ್ಟು ದೊಡ್ಡದು ಅಂತ ಹೋಲಿಸಿ. ಅರ್ಧ ಕಂಡರೆ ಅದು 0.5 ಪಟ್ಟು. 1954ರ ಲೈಕಾ ಎಂ3 ಫಿಲ್ಮ್ ಕ್ಯಾಮೆರಾದಲ್ಲಿ ಇದು ಸುಮಾರು 0.9 ಇತ್ತು. ಎರಡೂ ಕಣ್ಣು ತೆರೆದರೆ ಎರಡು ದೃಶ್ಯ ಒಂದರ ಮೇಲೊಂದು ಕೂತು, ಗಾಳಿಯಲ್ಲಿ ಚೌಕಟ್ಟು ತೇಲಿದ ಹಾಗೆ ಅನ್ನಿಸುತ್ತದೆ. ಒಮ್ಮೆ ಅದನ್ನು ನೋಡಿದವರು ಕಾಂಪ್ಯಾಕ್ಟ್‌ನ ಕಿಂಡಿಯನ್ನು ಯಾಕೆ ಬೈಯುತ್ತಾರೆ ಅಂತ ಆಗ ಗೊತ್ತಾಗುತ್ತದೆ. ಆದರೆ ಆ ಕ್ಯಾಮೆರಾದಲ್ಲಿ ಕಿಂಡಿಗೆ ಸಿಕ್ಕ ಜಾಗ ಎಷ್ಟು, ಇದರಲ್ಲಿ ಸಿಕ್ಕಿದ್ದೆಷ್ಟು ಅನ್ನುವುದನ್ನೂ ನೋಡಬೇಕಲ್ಲ.

ಕನ್ನಡಕ ಹಾಕುವವರು ಇನ್ನೊಂದನ್ನು ನೋಡಬೇಕು. ಕಣ್ಣನ್ನು ಗಾಜಿನಿಂದ ಎಷ್ಟು ದೂರದವರೆಗೆ ಇಟ್ಟರೆ ಪೂರ್ತಿ ಚೌಕಟ್ಟು ಕಾಣುತ್ತದೆ ಅನ್ನುವುದು. ಕನ್ನಡಕದ ಹಿಂದಿರುವ ಕಣ್ಣಿಗೆ 15ರಿಂದ 20 ಮಿ.ಮೀ. ಆದರೂ ಬೇಕು. ಅಷ್ಟು ಇಲ್ಲದ ಕಿಂಡಿಯಲ್ಲಿ ನಾಲ್ಕು ಮೂಲೆಯೂ ಒಟ್ಟಿಗೆ ಕಾಣುವುದಿಲ್ಲ, ಮೂಗು ಸ್ಕ್ರೀನಿಗೆ ಒತ್ತಿ ಎಣ್ಣೆ ಹತ್ತುತ್ತದೆ, ಅಷ್ಟೇ ಲಾಭ. ಪಕ್ಕದಲ್ಲಿ ಡಯಾಪ್ಟರ್, ಅಂದರೆ ಕಿಂಡಿಯನ್ನು ನಿಮ್ಮ ಕಣ್ಣಿನ ಪವರಿಗೆ ಹೊಂದಿಸುವ ಪುಟ್ಟ ಚಕ್ರ ಇದ್ದರೆ ಕನ್ನಡಕ ತೆಗೆದೂ ನೋಡಬಹುದು. ಆ ಚಕ್ರ ಯಾರದೋ ಬೆರಳು ತಾಗಿ ತಿರುಗಿರುತ್ತದೆ, ದೃಶ್ಯ ಮಸುಕಾಗಿರುತ್ತದೆ, ಒಳಗೆ ಫಂಗಸ್ ಬಂದಿದೆ ಅಂತ ರಿಪೇರಿಗೆ ತರುತ್ತಾರೆ. ಅಂಥವರಿಗೆ ಚಕ್ರ ತಿರುಗಿಸಿ ವಾಪಸ್ ಕೊಟ್ಟಿದ್ದೇನೆ.

ಈ ಕಿಂಡಿಯನ್ನು ಬಿಚ್ಚಿ ನೋಡಿದರೆ ಬೈಯಲು ಮನಸ್ಸು ಬರುವುದಿಲ್ಲ. ಅರ್ಧ ಬೆಂಕಿಪೊಟ್ಟಣದಷ್ಟು ಪೆಟ್ಟಿಗೆ. ಒಳಗೆ ಉಗುರಿನಷ್ಟಗಲದ ಪ್ಲಾಸ್ಟಿಕ್ ಲೆನ್ಸುಗಳು. ಎರಡಕ್ಕೆ ಪಕ್ಕದಲ್ಲಿ ಸಣ್ಣ ಮೊಳೆಯಂಥ ಪಿನ್. ಆ ಪಿನ್‌ಗಳು ಒಂದು ವಕ್ರವಾದ ಜಾಡಿನಲ್ಲಿ ಜಾರುತ್ತವೆ. ಜೂಮ್ ಒತ್ತಿದರೆ ಮುಖ್ಯ ಲೆನ್ಸಿನ ಕೊಳವೆ ತಿರುಗುತ್ತದೆ, ಅದರ ಹಲ್ಲು ಒಂದು ಗೇರನ್ನು ತಿರುಗಿಸುತ್ತದೆ, ಗೇರು ಆ ಜಾಡು ಕೊರೆದ ತುಂಡನ್ನು ಎಳೆಯುತ್ತದೆ, ಪಿನ್‌ಗಳು ಹತ್ತಿರ ದೂರ ಆಗುತ್ತವೆ. ಕೂದಲಿನಷ್ಟು ತೆಳುವಾದ ಸ್ಪ್ರಿಂಗ್ ಎರಡನ್ನೂ ಬಿಗಿ ಹಿಡಿದಿರುತ್ತದೆ. ಕರೆಂಟಿಲ್ಲ, ಚಿಪ್ಪಿಲ್ಲ.

ಕೆಲಸ ಕಲಿಯುವ ಕಾಲದಲ್ಲಿ ನಾನೊಂದು ಕ್ಯಾಮೆರಾ ಜೋಡಿಸುವಾಗ ಆ ಗೇರನ್ನು ಒಂದು ಹಲ್ಲು ಆಚೆ ಕೂರಿಸಿಬಿಟ್ಟೆ. ಎಲ್ಲ ಸರಿ, ಆನ್ ಆಯಿತು, ಜೂಮ್ ಆಯಿತು, ಫೋಟೋ ಚೆನ್ನಾಗಿ ಬಂತು. ಗಿರಾಕಿ ಮಾರನೇ ದಿನ ಬಂದು, "ಕಿಂಡೀಲಿ ಮಗು ಮುಖ ಮಾತ್ರ ಇತ್ತು, ಫೋಟೋದಲ್ಲಿ ಮಗು ಜೊತೆ ಇಡೀ ತೊಟ್ಟಿಲು ಬಂದಿದೆ" ಅಂದರು. ಒಂದೇ ಒಂದು ಹಲ್ಲು! ಅಂದಿನಿಂದ ಬಿಚ್ಚುವ ಮೊದಲು ಗೇರಿನ ಮೇಲೆ ಸೂಜಿಯಲ್ಲಿ ಗುರುತು ಗೀರಿಕೊಳ್ಳುತ್ತೇನೆ. ಕ್ಯಾಮೆರಾ ಕೆಳಗೆ ಬಿದ್ದಾಗಲೂ ಇದೇ ಆಗಬಹುದು. ಜೂಮ್ ಮಾಡುತ್ತಾ ಹೋದಾಗ ಕಿಂಡಿಯ ದೃಶ್ಯ ಮಧ್ಯದಲ್ಲಿ ಸಿಕ್ಕಿಕೊಂಡು ಆಮೇಲೆ ಜಿಗಿದರೆ ಅದು ನಿಜವಾದ ರಿಪೇರಿ ಕೆಲಸ. ನೀವೇ ಬಿಚ್ಚಲು ಹೋಗಬೇಡಿ. ಪಕ್ಕದಲ್ಲೇ ಫ್ಲಾಷ್‌ನ ಕೆಪಾಸಿಟರ್ ಇರುತ್ತದೆ. ಬ್ಯಾಟರಿ ತೆಗೆದ ಮೇಲೂ ಅದರಲ್ಲಿ ಸುಮಾರು 300 ವೋಲ್ಟ್ ಕೂತಿರಬಹುದು. ನನಗೆ ಹೊಡೆದಿದೆ, ಸಾಕು. ಕಿಂಡಿಯ ಗಾಜನ್ನು ಥಿನ್ನರ್, ಅಸಿಟೋನ್ ಹಾಕಿ ಒರೆಸುವುದೂ ಬೇಡ, ಅದು ಗಾಜೇ ಅಲ್ಲ, ಪ್ಲಾಸ್ಟಿಕ್. ಹಾಲು ಬಣ್ಣಕ್ಕೆ ತಿರುಗಿದರೆ ಮತ್ತೆ ಸರಿ ಮಾಡಲು ಆಗುವುದಿಲ್ಲ. ಬಾಯಿಯ ಆವಿ, ಮೆತ್ತನೆಯ ಬಟ್ಟೆ ಸಾಕು.

ಇಷ್ಟು ಚೆಂದದ ಯಂತ್ರ ಯಾಕೆ ಹೋಯಿತು? ಜಾಗಕ್ಕಾಗಿ. 1994ರ ಆಪಲ್ ಕ್ವಿಕ್‌ಟೇಕ್ 100ರಲ್ಲಿ ದೃಶ್ಯ ನೋಡಲು ಇದ್ದದ್ದು ಕಿಂಡಿ ಮಾತ್ರ, ಫೋಟೋ ಹೇಗೆ ಬಂತು ಅಂತ ಕ್ಯಾಮೆರಾದಲ್ಲಿ ನೋಡುವ ಹಾಗೇ ಇರಲಿಲ್ಲ. ಮರುವರ್ಷ ಬಂದ ಕ್ಯಾಸಿಯೋ ಕ್ಯೂವಿ-10ರಲ್ಲಿ ಪೂರಾ ಉಲ್ಟಾ. ಹಿಂದೆ 1.8 ಇಂಚಿನ ಸ್ಕ್ರೀನ್, ಕಿಂಡಿಯೇ ಇಲ್ಲ. ಆಮೇಲೆ ಕೆಲವು ವರ್ಷ ಎರಡೂ ಜೊತೆಗಿದ್ದವು. ಸ್ಕ್ರೀನ್ 3 ಇಂಚಿಗೆ ಬೆಳೆಯಿತು, ಕ್ಯಾಮೆರಾ ತೆಳ್ಳಗಾಯಿತು, ಮಧ್ಯದಲ್ಲಿದ್ದ ಕಿಂಡಿ ಹಿಂಡಿಹೋಯಿತು. ಕೊನೆಗಾಲದ ಕೆಲವು ಮಾದರಿಗಳಲ್ಲಿ ಅದು ಶಾಸ್ತ್ರಕ್ಕೆ ಇಟ್ಟ ಹಾಗಿತ್ತು. ವೈಡ್‌ನಲ್ಲಿ, ಅಂದರೆ ಜೂಮ್ ಮಾಡದೆ ನೋಡಿದರೆ ಮೂಲೆಯಲ್ಲಿ ಲೆನ್ಸಿನ ಕೊಳವೆಯೇ ಅಡ್ಡ ಬರುತ್ತಿತ್ತು.

ಮನಸ್ಸಿಟ್ಟು ಮಾಡಿದವರೂ ಇದ್ದರು. 2011ರಲ್ಲಿ ಮಾರುಕಟ್ಟೆಗೆ ಬಂದ ಫ್ಯೂಜಿಫಿಲ್ಮ್ ಎಕ್ಸ್100ನಲ್ಲಿ 0.5 ಪಟ್ಟಿನ ದೊಡ್ಡ ಕಿಂಡಿ, ಅದರ ಮೇಲೆ ಬೆಳಕಿನ ಚೌಕಟ್ಟು, ಶಟರ್ ಸ್ಪೀಡ್ ಎಲ್ಲ ತೇಲುತ್ತದೆ. ಫೋಕಸ್ ಆದ ತಕ್ಷಣ ಚೌಕಟ್ಟೇ ಸರಿದು ಪ್ಯಾರಲಾಕ್ಸ್ ಸರಿಮಾಡಿಕೊಳ್ಳುತ್ತದೆ. ಒಂದು ಸನ್ನೆಕೋಲು ತಿರುಗಿಸಿದರೆ ಅದೇ ಎಲೆಕ್ಟ್ರಾನಿಕ್ ಕಿಂಡಿ, ಅಂದರೆ ಒಳಗೆ ಪುಟ್ಟ ಸ್ಕ್ರೀನ್ ಇರುವ ಕಿಂಡಿ ಆಗುತ್ತದೆ. ಆದರೆ ಅದರ ಲೆನ್ಸ್ ಜೂಮ್ ಆಗುವುದಿಲ್ಲ, ಅದಕ್ಕೇ ಇಷ್ಟೆಲ್ಲ ಸಾಧ್ಯವಾಯಿತು. ಜೂಮ್ ಇದ್ದ ಎಕ್ಸ್10ರ ಕಿಂಡಿ ದೊಡ್ಡದಾಗಿ, ತಿಳಿಯಾಗಿ ಇತ್ತು. ಆದರೆ ಅದರೊಳಗೆ ಒಂದು ಅಕ್ಷರವೂ ಕಾಣುತ್ತಿರಲಿಲ್ಲ. 2013ರ ಎಕ್ಸ್20ರಲ್ಲಿ ಪಾರದರ್ಶಕ ಪಟ್ಟಿ ಸೇರಿಸಿ ಆ ಕೊರತೆ ತುಂಬಿದರು. ಮುಂದಿನ ಎಕ್ಸ್30ರಲ್ಲಿ ಗಾಜಿನ ಕಿಂಡಿಯನ್ನೇ ತೆಗೆದು ಎಲೆಕ್ಟ್ರಾನಿಕ್ ಕೂರಿಸಿದರು. ನನಗೆ ಇವತ್ತಿಗೂ ಎಕ್ಸ್20 ಇಷ್ಟ.

ನಿಮ್ಮ ಕ್ಯಾಮೆರಾದ ಕಿಂಡಿಯನ್ನು ಪರೀಕ್ಷೆ ಮಾಡಬೇಕೆಂದರೆ ಗೋಡೆಗೆ ಒಂದು ದಿನಪತ್ರಿಕೆಯ ಹಾಳೆಗಳನ್ನು ಅಕ್ಕಪಕ್ಕ ಅಂಟಿಸಿ. ಕ್ಯಾಮೆರಾವನ್ನು ಟ್ರೈಪಾಡ್ ಮೇಲೋ ಪುಸ್ತಕದ ರಾಶಿಯ ಮೇಲೋ ಅಲ್ಲಾಡದ ಹಾಗೆ ಇಡಿ. ಕಿಂಡಿಯ ನಾಲ್ಕು ಅಂಚಿಗೆ ಯಾವ ಅಕ್ಷರ ತಾಗುತ್ತದೆ ಅಂತ ನೋಡಿ, ಯಾರಾದರೂ ಜೊತೆಗಿದ್ದರೆ ಅಲ್ಲಿ ಪೆನ್ಸಿಲ್ ಗುರುತು ಹಾಕಿಸಿ. ಆಮೇಲೆ ಫೋಟೋ ತೆಗೆದು ಗುರುತುಗಳು ಎಲ್ಲಿ ಬಂದವು ನೋಡಿ. ವೈಡ್‌ನಲ್ಲಿ ಒಮ್ಮೆ, ಟೆಲಿಯಲ್ಲಿ (ಪೂರ್ತಿ ಜೂಮ್ ಮಾಡಿ) ಒಮ್ಮೆ, ಹತ್ತಿರ ಒಮ್ಮೆ, ದೂರ ಒಮ್ಮೆ. ದೂರದಿಂದ ತೆಗೆದಾಗ ಗುರುತುಗಳ ಹೊರಗೆ ನಾಲ್ಕೂ ಕಡೆ ಹೆಚ್ಚುಕಮ್ಮಿ ಸಮನಾಗಿ ಜಾಗ ಉಳಿದಿದ್ದರೆ ಒಳ್ಳೇ ಕಿಂಡಿ. ಸಾಲುಗಳು ಕಿಂಡಿಯಲ್ಲಿ ನೆಟ್ಟಗಿದ್ದು ಫೋಟೋದಲ್ಲಿ ಓರೆಯಾಗಿದ್ದರೆ ಕಿಂಡಿಯ ಪೆಟ್ಟಿಗೆಯೇ ವಾಲಿದೆ, ಅದು ರಿಪೇರಿಯವರ ಕೆಲಸ.

ಇಷ್ಟು ಕಷ್ಟಪಟ್ಟು ಯಾಕೆ ಬಳಸಬೇಕು ಅಂತ ಕೇಳುತ್ತಾರೆ. ನಡುಮಧ್ಯಾಹ್ನ ಬಿಸಿಲಲ್ಲಿ ಸ್ಕ್ರೀನ್‌ನಲ್ಲಿ ನಿಮ್ಮ ಮುಖವೇ ಕಾಣುವಾಗ ಕೇಳಿ, ಹೇಳುತ್ತೇನೆ! ಕಿಂಡಿಯಲ್ಲಿ ದೃಶ್ಯ ತಡವಾಗಿ ಬರುವುದಿಲ್ಲ, ಓಡುವ ಮಗು ಓಡುತ್ತಿರುವ ಜಾಗದಲ್ಲೇ ಕಾಣುತ್ತದೆ. ಸ್ಕ್ರೀನ್ ಆಫ್ ಮಾಡಿದರೆ ಬ್ಯಾಟರಿ ಎಷ್ಟೋ ಹೆಚ್ಚು ಹೊತ್ತು ಬರುತ್ತದೆ. ಕ್ಯಾಮೆರಾ ಹಣೆಗೆ ಒತ್ತಿಕೊಂಡಿದ್ದರೆ ಕೈ ನಡುಗುವುದೂ ಕಡಿಮೆ. ಫೋಕಸ್ ಆಯಿತೋ ಇಲ್ಲವೋ ಮಾತ್ರ ಅದು ಹೇಳುವುದಿಲ್ಲ. ಅದಕ್ಕೇ ಬಹಳ ಕ್ಯಾಮೆರಾಗಳಲ್ಲಿ ಕಿಂಡಿಯ ಪಕ್ಕ ಒಂದು ಹಸಿರು ದೀಪ ಇರುವುದು. ಬಟನ್ ಅರ್ಧ ಒತ್ತಿ, ಅದು ಮಿನುಗದೆ ಉರಿದರೆ ಪೂರ್ತಿ ಒತ್ತಿ. ಡಿಜಿಟಲ್ ಜೂಮ್ ಆಫ್ ಮಾಡಿಡಿ, ಕಿಂಡಿಗೆ ಅದರ ಸುಳಿವೇ ಇರುವುದಿಲ್ಲ. ಲೆನ್ಸಿಗೆ ಬೆರಳು ಅಡ್ಡ ಬಂದರೂ ಅಷ್ಟೇ.

ಮೊನ್ನೆ ಒಬ್ಬಳು ಕಾಲೇಜು ಹುಡುಗಿ ಇದೇ ದೂರು ಹೊತ್ತು ಬಂದಿದ್ದಳು. ದಿನಪತ್ರಿಕೆಯ ಪರೀಕ್ಷೆಯನ್ನು ಅವಳ ಕೈಯಲ್ಲೇ ಮಾಡಿಸಿದೆ. ಕ್ಯಾಮೆರಾದಲ್ಲಿ ಏನೂ ಕೆಟ್ಟಿರಲಿಲ್ಲ. ಅವಳೇ ಒಂದು ಚೂರು ಕಾಗದದ ಮೇಲೆ ಬರೆದು ಕ್ಯಾಮೆರಾದ ತಳಕ್ಕೆ ಟೇಪ್ ಹಾಕಿ ಅಂಟಿಸಿಕೊಂಡು ಹೋದಳು: "ದೂರಕ್ಕೆ ಒಂದು ಹೆಜ್ಜೆ ಮುಂದೆ. ಹತ್ತಿರಕ್ಕೆ ಸ್ವಲ್ಪ ಮೇಲೆತ್ತು."